ಖಾನಾಪುರ ತಪ್ಪಿಸಿ ಬೀಡಿಗೆ

ಎಂಬತ್ತರ ದಶಕದ ನಡುವಿನ ಮಾತು. ನಾನು ಬೆಳಗಾವಿಯಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ನಮ್ಮ ಕಾಕಾ, ಅಂದರೆ ಅಪ್ಪನ ತಮ್ಮ, ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದರು. ರವಿವಾರ ಬಂತೆಂದರೆ ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಊರುಗಳೆಂದು ಒಂದಿಷ್ಟು ಸೊನ್ನೆ ಬರೆದು, ನಡುವೆ ಗೆರೆ ಎಳೆದು, ಗೆರೆಯ ಮೇಲೆ ಮೈಲಿ ಹಾಕಿ, "ಈ ಊರಿಂದ ಆ ಊರಿಗೆ ಎಲ್ಲಾಕ್ಕಿಂತ ಸಮೀಪದ ಹಾದಿ ಯಾವ್ದು? ಹೇಳ್ ನೋಡೂಣು" ಎನ್ನುತ್ತಿದ್ದರು.

ಕೂಡಿಸಿ ಕೂಡಿಸಿ ಬೇಸತ್ತ ನಾನು ಒಂದು ದಿನ ಅವ್ವ ಕೌದಿ ಹೊಲಿಯುವ ದಾರ ತಂದೆ. ಮೈಲಿಗೆ ಒಂದು ಬೆರಳಿನಷ್ಟು ದಾರ ಕತ್ತರಿಸಿ, ಊರಿದ್ದಲ್ಲೆಲ್ಲ ಗಂಟು ಹಾಕಿ, ಎರಡು ಊರಿನ ಗಂಟು ಹಿಡಿದು ಜಗ್ಗಿದೆ. ಬಿಗಿದು ನಿಂತ ದಾರವೇ ಸಮೀಪದ ಹಾದಿ, ಉಳಿದವೆಲ್ಲ ಜೋತುಬಿದ್ದವು. ಕಾಕಾ ತಾವೂ ಮತ್ತೆ ಮತ್ತೆ ಜಗ್ಗಿ ನೋಡಿ, "ಭಾರೀ ಡೋಕಿ ಐತಿ ನಿಂದು!" ಎಂದು ನನ್ನ ತಲೆ ತಟ್ಟಿದರು.

ಆ ಬೇಸಿಗೆಯಲ್ಲಿ ಅಕ್ಕನ ಮದುವೆ ಗೊತ್ತಾಯಿತು. ಮೊದಲ ಲಗ್ನಪತ್ರಿಕೆ ಬೀಡಿ ಎಂಬ ಊರಿನಲ್ಲಿದ್ದ ಸೋದರಮಾವನಿಗೇ ಹೋಗಬೇಕೆಂದು ಅವ್ವನ ಪಟ್ಟು. ಬೀಡಿಯ ಹಾದಿಯೋ ಖಾನಾಪುರದ ಮೇಲೆ. ಅಲ್ಲಿ ರಸ್ತೆಗೇ ಹತ್ತಿದಂತೆ ಅವ್ವನ ಅಕ್ಕ, ನಮ್ಮ ದೊಡ್ಡವ್ವನ ಮನೆ. ಆಕೆ ದಿನವಿಡೀ ಕಟ್ಟೆಯ ಮೇಲೆಯೇ.

"ಆಕಿ ಮನಿ ಮುಂದ ಹಾಯ್ದು, ಪತ್ರಿಕಾ ಕೊಡಲಾರದ ಹ್ವಾದ್ರ ಜನ್ಮದಾಗ ಮಾತಾಡಂಗಿಲ್ಲ," ಎಂದಳು ಅವ್ವ.

"ಹಂಗಾರ ಖಾನಾಪುರ ಬಿಟ್ಟು ಹಾದಿ ಹುಡುಕೂಣು, ವೈನಿ," ಎಂದರು ಕಾಕಾ ತಮ್ಮ ಅತ್ತಿಗೆಗೆ, ಹುರುಪಿನಿಂದ.

ನಮ್ಮ ಸೀಮೆಯ ರಸ್ತೆಗಳನ್ನೇ ದಾರದಲ್ಲಿ ಕಟ್ಟಿದೆವು. ಖಾನಾಪುರದ ಗಂಟನ್ನು ಕತ್ತರಿಸಿ ತೆಗೆದು, ಬೆಳಗಾವಿಯನ್ನು ನಾನು ಹಿಡಿದೆ, ಬೀಡಿಯನ್ನು ಕಾಕಾ ಜಗ್ಗಿದರು. ಕಿತ್ತೂರಿನ ಮೇಲಿನ ದಾರ ಬಿಗಿಯಿತು.

ಮರುದಿನ ಇಬ್ಬರೂ ಸ್ಕೂಟರಿನಲ್ಲಿ ಹೊರಟೆವು. ಲಾರಿಗಳ ಹೊಗೆ ಕುಡಿಯುತ್ತ ಕಿತ್ತೂರಿಗೆ ಹೋಗಿ, ಅಲ್ಲಿ ಹೊರಳಿ, ಮೈತುಂಬ ಧೂಳು ಹೊತ್ತು ಬೀಡಿ ಮುಟ್ಟಿದೆವು. ಮಾವನ ಅಂಗಳದಲ್ಲಿ ಶಾವಿಗೆ ಒಣಹಾಕುತ್ತಿದ್ದ ಹೆಂಗಸು ತಿರುಗಿ ನೋಡಿದಳು. ದೊಡ್ಡವ್ವ! ಮದುವೆಗೆಂದೇ ಶಾವಿಗೆ ಮಾಡಲು ಹಿಂದಿನ ದಿನವೇ ತಮ್ಮನ ಮನೆಗೆ ಬಂದಿದ್ದಳಂತೆ.

"ಇದೇನ್ರಿ ಮಾಸ್ತರ, ಕಿತ್ತೂರ ಕಡಿಂದ ಬಂದ್ರಿ? ಹಾದಿ ತಪ್ಪಿತೇನ?"

ಕಾಕಾ ಕನ್ನಡಕ ಒರೆಸತೊಡಗಿದರು. ನನಗೆ ನಗು ತಡೆಯಲಾಗಲಿಲ್ಲ, ಇದ್ದದ್ದನ್ನೆಲ್ಲ ಹೇಳಿಬಿಟ್ಟೆ. ದೊಡ್ಡವ್ವ ನಕ್ಕು ನಕ್ಕು ಅಲ್ಲೇ ನೆಲಕ್ಕೆ ಕುಳಿತಳು.

"ನನಗ ಅಂಜಿ ಕಿತ್ತೂರ ಸುತ್ತಿದ್ರ್ಯಾ? ಅಯ್ಯ ಶಿವನ! ತಮ್ಮಗ ಮೊದಲ ಕೊಟ್ಟು ಬರ್ರಿ ಅಂತ ನಾನ ಹೇಳಿ ಕಳಿಸ್ತಿದ್ನಲ್ಲ!"

ಮಾವ ಪತ್ರಿಕೆ ಹಣೆಗೊತ್ತಿಕೊಳ್ಳುವಷ್ಟರಲ್ಲಿ ಪಕ್ಕದಲ್ಲಿ ದೊಡ್ಡವ್ವನ ಕೈ ಚಾಚಿಯಾಗಿತ್ತು.

ಮದುವೆಯ ಮನೆಯಲ್ಲಿ ಆಕೆ ಬೀಗರನ್ನೆಲ್ಲ ಕೂರಿಸಿಕೊಂಡು ಈ ಕತೆ ಹೇಳಿದಳು. ಹೇಳಿದಷ್ಟು ಸಲವೂ ನಾವು ಸುತ್ತಿದ ಹಾದಿ ಬೆಳೆಯುತ್ತ ಹೋಯಿತು. ಊಟದ ಪಂಕ್ತಿ ಏಳುವ ಹೊತ್ತಿಗೆ ನಮ್ಮ ಸ್ಕೂಟರು ಹುಬ್ಬಳ್ಳಿಯನ್ನೂ ದಾಟಿತ್ತು.