ನಾನು ಅಳಿಸಿದ ಬಳೆಯ ಮಾತು

ಆ ‘ಹಿರಿಯ ಓದುಗ’ ನಾನೇ, ಶಿರೀಷಾ.

ಮೊದಲ ಸಾಲಿನಲ್ಲೇ ಹೇಳಿಬಿಟ್ಟೆ. ಇಲ್ಲದಿದ್ದರೆ ನನ್ನ ಬುದ್ಧಿ ನನಗೆ ಗೊತ್ತು — ಅದೂ ಇದೂ ಮಾತಾಡಿ, ನಿಮ್ಮಮ್ಮ ಹೇಗಿದ್ದಾರೆ ಅಂತ ಕೇಳಿ, ಕೊನೆಗೆ ಮೆಲ್ಲಗೆ ಜಾರಿಕೊಳ್ಳುತ್ತಿದ್ದೆ. ಸುಟ್ಟಗಾಯದ ಬಗ್ಗೆ ನೀನು ಬರೆದ ಲೇಖನದಿಂದ ಬಳೆಯ ಮಾತನ್ನು ಕಿತ್ತುಹಾಕಿದವಳು, ಅದರ ಚರ್ಚೆಯ ಪುಟದಲ್ಲಿ ಆ ಹೊಲಸು ಟಿಪ್ಪಣಿ ಬರೆದವಳು, ಹಾಸ್ಟೆಲ್ಲಿನಲ್ಲಿ ನಿನ್ನ ಪಕ್ಕದ ಮಂಚದಲ್ಲಿ ಮಲಗುತ್ತಿದ್ದ ಹೇಮಾ. ಯಾವ ಊರಿನ ಯಾವ ಹಿರಿಯರೂ ಅಲ್ಲ.

ನಿನಗೆ ಗೊತ್ತಿರುವುದನ್ನೇ ಇಲ್ಲಿ ಮತ್ತೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಇದನ್ನು ನಿನ್ನೊಬ್ಬಳಿಗೇ ಬರೆಯುತ್ತಿಲ್ಲ. ನಿನಗೆ ಬೈದದ್ದು ನಾಲ್ಕು ಜನ ಓದುವ ಕಡೆ, ಒಪ್ಪಿಕೊಳ್ಳುವುದು ಮಾತ್ರ ಕಿವಿಯಲ್ಲಿ ಎಂದರೆ — ಅದು ಯಾವ ನ್ಯಾಯ?

ನಾವಾಗ ಚಿಕ್ಕಬಳ್ಳಾಪುರದಲ್ಲಿ ಎಂಬಿಬಿಎಸ್ ಮೂರನೇ ವರ್ಷ. ಸಮುದಾಯ ವೈದ್ಯಶಾಸ್ತ್ರದ ಮೇಡಂ ಒಂದು ದಿನ ಕ್ಲಾಸಿಗೆ ಬಂದು, ಇಷ್ಟು ದಿನ ಪರೀಕ್ಷೆಗೆ ಬರೆದದ್ದು ಸಾಕು, ಇನ್ನು ಜನಕ್ಕೂ ಸ್ವಲ್ಪ ಬರೆಯಿರಿ ಎಂದರು. ಅಂತರ್ಜಾಲದಲ್ಲಿ ಒಂದು ವಿಶ್ವಕೋಶ. ಅದರಲ್ಲಿ ಯಾರು ಬೇಕಾದರೂ ಬರೆಯಬಹುದು, ಬರೆದದ್ದನ್ನು ಯಾರು ಬೇಕಾದರೂ ತಿದ್ದಬಹುದು. ಅದಕ್ಕೆ ನಾವು ಒಬ್ಬೊಬ್ಬರೂ ಒಂದೊಂದು ಕಾಯಿಲೆಯ ಮೇಲೆ ಕನ್ನಡದಲ್ಲಿ ಲೇಖನ ಬರೆಯಬೇಕು. ಹೇಳುವ ಮಾತಿಗೆಲ್ಲ ಆಧಾರ ಕೊಡಬೇಕು. ಪ್ರತಿ ಲೇಖನದ ಹಿಂದೆ ಒಂದು ಚರ್ಚೆಯ ಪುಟ ಇರುತ್ತದೆ, ತಕರಾರು ಇದ್ದವರು ಅಲ್ಲಿ ಬರೆಯುತ್ತಾರೆ, ಅವರಿಗೆ ಮರ್ಯಾದೆಯಿಂದ ಉತ್ತರ ಕೊಡಬೇಕು. ಬಸ್ಸಿಗೆ ಕಾಯುತ್ತಾ ಫೋನಿನಲ್ಲಿ ಓದುವವರನ್ನು ಕಣ್ಣ ಮುಂದೆ ಇಟ್ಟುಕೊಳ್ಳಿ ಎಂದಿದ್ದರು ಮೇಡಂ. ನಾನು ಆ ಮಾತನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟೆ.

ಯಾಕೆಂದರೆ ಕನ್ನಡ ಎಂದ ಕೂಡಲೇ ನನಗೆ ಕೋಡು ಮೂಡಿತ್ತು. ಚಿಂತಾಮಣಿ ಕಡೆಯ ಜಮೀನುದಾರರ ಮನೆ ನಮ್ಮದು, ಮೇಲಾಗಿ ಅಪ್ಪ ಕನ್ನಡ ಮೇಷ್ಟ್ರು. ಶಾಲೆಯಲ್ಲಿ ಪ್ರಬಂಧ ಸ್ಪರ್ಧೆ ಎಂದರೆ ಬಹುಮಾನ ನನಗೇ ಎಂದು ಎಲ್ಲರೂ ಮೊದಲೇ ತೀರ್ಮಾನ ಮಾಡಿಬಿಡುತ್ತಿದ್ದರು. ಕನ್ನಡ ನಮ್ಮಪ್ಪನ ಮನೆಯ ಆಸ್ತಿ ಎನ್ನುವ ಹಾಗಿದ್ದೆ. ಮನೆಯಲ್ಲಿ ತೆಲುಗು ಆಡಿ, ಶಾಲೆಯಲ್ಲಿ ಕಲಿತ ನಿನ್ನ ಕನ್ನಡವನ್ನು ಹಾಸ್ಟೆಲ್ಲಿನಲ್ಲಿ ಎಲ್ಲರ ಮುಂದೆ ಅಣಕಿಸುತ್ತಿದ್ದೆ. ನೀನೂ ನಗುತ್ತಿದ್ದೆ. ನಗುತ್ತಿದ್ದೆ ಎಂದು ನಾನು ಅಂದುಕೊಂಡಿದ್ದೆ.

ನಾನು ರಕ್ತಹೀನತೆಯ ಮೇಲೆ ಬರೆದೆ. ನೀನು ಬಿಸಿನೀರಿನ ಸುಟ್ಟಗಾಯವನ್ನು ಆರಿಸಿಕೊಂಡೆ. ಯಾಕೆ ಎಂದು ಯಾರೂ ಕೇಳಬೇಕಾಗಿರಲಿಲ್ಲ. ಶಿಡ್ಲಘಟ್ಟದಲ್ಲಿ ನಿಮ್ಮಮ್ಮ ನಾರಾಯಣಮ್ಮನವರು ಫಿಲೇಚರಿನಲ್ಲಿ ರೇಷ್ಮೆ ನೂಲು ತೆಗೆಯುತ್ತಿದ್ದರು — ಬೆಂದ ಗೂಡುಗಳ ನಡುವೆ, ಬಿಸಿನೀರಿನಲ್ಲೇ ಬೆರಳಾಡಿಸುತ್ತಾ ದಿನ ಕಳೆಯುವ ಕೆಲಸ. ನೀನು ಬರೆಯುತ್ತಿದ್ದ ರೀತಿ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಒಂದು ವಾಕ್ಯ ಬರೆದು, ಅಮ್ಮನಿಗೆ ಫೋನು ಮಾಡಿ ಓದುತ್ತಿದ್ದೆ. ಅವರು ಆ ಕಡೆಯಿಂದ “ಅಂಟೇ?” ಎಂದರೆ — ಅಂದರೆ ಏನೇ, ಎಂದು ಕೇಳಿದರೆ — ಆ ವಾಕ್ಯವನ್ನು ಹೊಡೆದು ಹಾಕಿ ಬೇರೆ ಬರೆಯುತ್ತಿದ್ದೆ. “ಊಂ” ಎಂದರೆ ಮಾತ್ರ ಅದು ಉಳಿಯುತ್ತಿತ್ತು. ಡಾಕ್ಟರ್ ಆಗುವವಳು ಅಮ್ಮನ ಹತ್ತಿರ ಕಾಪಿ ತಿದ್ದಿಸಿಕೊಳ್ಳುತ್ತಾಳೆ ಎಂದು ನಾನು ರೇಗಿಸುತ್ತಿದ್ದೆ.

ಬಳೆಯ ಮಾತು ಬಂದದ್ದೂ ಹಾಗೆ ಫೋನಿನಲ್ಲೇ. ಸುಟ್ಟ ಕೈ ಊದಿಕೊಳ್ಳುತ್ತದೆ, ಅದಕ್ಕೆ ಮುಂಚೆ ಉಂಗುರ, ಬಳೆ ತೆಗೆಯಬೇಕು ಎಂದು ನೀನು ಓದಿದಾಗ, ಗಂಡ ಇರೋರು ಬಳೆ ತೆಗೀತಾರೇನೇ ಎಂದು ನಿಮ್ಮಮ್ಮ ಕೇಳಿದರಂತೆ. ನೀನು ಸುಮಾರು ಹೊತ್ತು ಪೆನ್ನು ಕಚ್ಚಿಕೊಂಡು ಕೂತಿದ್ದು, ಆಮೇಲೆ ಬರೆದೆ: ‘ಕೈ ಊದಿಕೊಳ್ಳುವ ಮೊದಲೇ ಬಳೆ ತೆಗೆಯಿರಿ. ತೆಗೆಯಲು ಮನಸ್ಸು ಬಾರದಿದ್ದರೂ ತೆಗೆಯಿರಿ. ಗಾಯ ವಾಸಿಯಾದ ಮೇಲೆ ಅದೇ ಬಳೆಯನ್ನು ಮತ್ತೆ ಹಾಕಿಕೊಳ್ಳಬಹುದು.’ ನಾರಾಯಣಮ್ಮನವರು ಊಂ ಎಂದರು.

ಮುಂದಿನ ವಾರ ಮೇಡಂ ನಮ್ಮ ಲೇಖನಗಳನ್ನು ಪರದೆಯ ಮೇಲೆ ಹಾಕಿದರು. ನಿನ್ನದನ್ನು ಪೂರ್ತಿ ಗಟ್ಟಿಯಾಗಿ ಓದಿದರು; ಬಳೆಯ ಮಾತು ಬಂದಾಗ ನಿಲ್ಲಿಸಿ, ಇದನ್ನು ಬರೆಯಲು ಇವಳಿಗೆ ಹೇಗೆ ಹೊಳೆಯಿತು ನೋಡಿ ಎಂದರು. ಹುಡುಗರು ಚಪ್ಪಾಳೆ ತಟ್ಟಿದರು. ಆಮೇಲೆ ನನ್ನದು. ನಾಲ್ಕು ಸಾಲು ಓದಿ, ಕನ್ನಡಕ ತೆಗೆದು, “ಭಾಷೆ ಚೆನ್ನಾಗಿದೆಯಮ್ಮ. ಆದ್ರೆ ಇದನ್ನ ಯಾರು ಓದ್ತಾರೆ?” ಎಂದರು.

ಅಷ್ಟೇ. ಬೈಯಲಿಲ್ಲ, ಗದರಲಿಲ್ಲ. ಆದರೆ ನನ್ನ ಹೊಟ್ಟೆಯಲ್ಲಿ ಕಿಚ್ಚು ಬಿತ್ತು. ಬೇರೆ ಯಾರಾದರೂ ನನ್ನನ್ನು ಹಿಂದೆ ಹಾಕಿದ್ದರೆ ಸುಮ್ಮನಿರುತ್ತಿದ್ದೆನೋ ಏನೋ — ನೀನು, ನನ್ನ ಹತ್ತಿರ ಅರ್ಜಿ ಬರೆಸಿಕೊಳ್ಳುತ್ತಿದ್ದವಳು, ಫಿಲೇಚರಿನ ಹೆಂಗಸಿನ ಮಗಳು, ಕನ್ನಡದಲ್ಲಿ ನನಗಿಂತ — ನೋಡು, ಹೀಗೆ ಬರೆಯುವಾಗಲೂ ಕೈ ನಿಲ್ಲುತ್ತದೆ. ಆದರೆ ಅವತ್ತು ನಾನು ಯೋಚಿಸಿದ್ದು ಇದನ್ನೇ, ಇದೇ ಮಾತಿನಲ್ಲಿ. ನಾವು ಮೇಲು-ಕೀಳು ಎಣಿಸುವವರಲ್ಲ ಎಂದು ನಮ್ಮ ಮನೆಯಲ್ಲಿ ಹೇಳಿಕೊಳ್ಳುತ್ತಿದ್ದೆವು. ನಾನು ಅಂಥವಳೇ ಆಗಿದ್ದೆ.

ಆ ಭಾನುವಾರ ಮಧ್ಯಾಹ್ನ ನೀನು ಊರಿಗೆ ಹೋಗಿದ್ದೆ. ಊಟ ಮಾಡಿ ಬಂದು, ಬಾಗಿಲು ಹಾಕಿಕೊಂಡು, ಆ ವಿಶ್ವಕೋಶದಲ್ಲಿ ಇನ್ನೊಂದು ಖಾತೆ ತೆರೆದೆ. ‘ಹಿರಿಯ ಓದುಗ’ ಎಂದು ಹೆಸರಿಟ್ಟುಕೊಂಡೆ, ಎದುರು ಮಾತಾಡಲು ಯಾರಿಗೂ ಧೈರ್ಯ ಬಾರದ ಹೆಸರು. ನಿನ್ನ ಬಳೆಯ ಮಾತನ್ನು ಅಳಿಸಿದೆ. ಚರ್ಚೆಯ ಪುಟದಲ್ಲಿ ಬರೆದೆ: ‘ವಿಶ್ವಕೋಶವು ಸಲಹೆ ನೀಡುವ ಸ್ಥಳವಲ್ಲ. ಬಳೆಯ ವಿಚಾರಕ್ಕೆ ಆಧಾರವಿಲ್ಲ, ತೆಗೆದಿದ್ದೇನೆ. ಫಿಲೇಚರಿನ ಮಾತನ್ನು ಇಲ್ಲಿಗೆ ತರುವ ಮೊದಲು ಲೇಖಕರು ಕನ್ನಡ ಕಲಿಯಲಿ.’

ವಿಶ್ವಕೋಶ ಹೀಗೆ ಮಾಡಿ ಎಂದು ಹೇಳುವುದಿಲ್ಲ, ವಿವರಿಸುತ್ತದೆ ಎಂಬ ನಿಯಮ ಇತ್ತು, ನಿಜ. ವಾಕ್ಯವನ್ನು ಸ್ವಲ್ಪ ತಿರುಗಿಸಿದ್ದರೆ ಸಾಕಿತ್ತು. ಆಧಾರವೂ ಇತ್ತು, ಸುಟ್ಟ ಕೈಯಿಂದ ಉಂಗುರ, ಬಳೆ ತೆಗೆಯಬೇಕೆಂದು ಹೇಳುವ ಸರ್ಜರಿ ಪುಸ್ತಕ ನನ್ನ ಮೇಜಿನ ಮೇಲೇ ಬಿದ್ದಿತ್ತು. ನೀನು ಅದನ್ನು ಅಡಿಟಿಪ್ಪಣಿಗೆ ಹಾಕಲು ಮರೆತಿದ್ದೆ, ಅಷ್ಟೇ. ನೀನು ಬರೆದದ್ದು ಸರಿ ಎಂದು ನನಗೆ ಗೊತ್ತಿತ್ತು, ಶಿರೀಷಾ. ಗೊತ್ತಿದ್ದೂ ತೆಗೆದೆ.

ಸೋಮವಾರ ಸಂಜೆ ನೀನು ಫೋನು ಹಿಡಿದುಕೊಂಡು ನನ್ನ ಮಂಚದ ಮೇಲೆ ಬಂದು ಕೂತೆ. ಮುಖ ಸಣ್ಣದಾಗಿತ್ತು.

“ಯಾರೋ ದೊಡ್ಡೋರು ಕಣೇ ಹೇಮಾ. ಅಮ್ಮನ ಕೆಲ್ಸಾನೂ ಎತ್ತಿ ಆಡಿದಾರೆ. ನಿನ್ ಕನ್ನಡ ಚೆನ್ನಾಗಿದೆ, ನೀನೇ ಸರಿ ಮಾಡ್ಕೊಟ್ಬಿಡು.”

ಆಗ ಹೇಳಬಹುದಿತ್ತು. ಬಾಯಿ ತುದಿಗೆ ಬಂದಿತ್ತು — ಇಲ್ಲ, ಅದೂ ಸುಳ್ಳು, ಬಂದಿರಲಿಲ್ಲ. ನಾನು ನಿನ್ನ ಬೆನ್ನು ಸವರಿದೆ. “ಬಿಡೇ, ಇಂಥೋರು ಎಲ್ಲಾ ಕಡೆ ಇರ್ತಾರೆ,” ಎಂದೆ. ಗೇಟಿನ ಹೊರಗಿನ ಅಂಗಡಿಗೆ ಕರೆದುಕೊಂಡು ಹೋಗಿ ಟೀ ಕೊಡಿಸಿದೆ. ಎಷ್ಟು ಒಳ್ಳೆಯವಳು ಕಣೇ ನೀನು ಎಂದೆಯಲ್ಲ ಅಲ್ಲಿ, ಅದನ್ನು ಕೇಳಿಸಿಕೊಂಡು ಇನ್ನೊಂದು ಟೀ ಹೇಳಿದೆ.

ಆಮೇಲೆ ನಿನ್ನ ಲೇಖನವನ್ನು ‘ಸರಿ’ ಮಾಡಿದೆ. ದೊಡ್ಡ ದೊಡ್ಡ ಪದ ತಂದು ತುಂಬಿದೆ. ನಿಮ್ಮಮ್ಮ ಊಂ ಎಂದಿದ್ದ ವಾಕ್ಯಗಳಲ್ಲಿ ಒಂದೂ ಉಳಿಯಲಿಲ್ಲ. ನೀನು ಚರ್ಚೆಯ ಪುಟದಲ್ಲಿ ಆ ಹಿರಿಯರಿಗೆ ಉತ್ತರ ಬರೆದೆ: ‘ನಮಸ್ಕಾರ. ತಿದ್ದಿಸಿದ್ದೇನೆ. ಕಲಿಸಿದ್ದಕ್ಕೆ ಧನ್ಯವಾದ.’ ಅದಾದ ಮೇಲೆ ಅಲ್ಲಿ ನೀನು ಒಂದಕ್ಷರವನ್ನೂ ಬರೆಯಲಿಲ್ಲ. ಫಿಲೇಚರಿನ ಹಬೆಯಿಂದ ಬರುವ ದಮ್ಮಿನ ಬಗ್ಗೆ, ನೀರಿನಲ್ಲಿ ನೆನೆದು ಬೆರಳಸಂದಿ ಕೊಳೆಯುವುದರ ಬಗ್ಗೆ ಬರೀತೀನಿ ಎನ್ನುತ್ತಿದ್ದೆ. ಮೇಡಂ ಎರಡು ಸಲ ಕೇಳಿದರು. ನಂಗೆ ಅಷ್ಟು ಕನ್ನಡ ಬರಲ್ಲ ಮೇಡಂ ಎಂದೆ ನೀನು, ನನ್ನ ಪಕ್ಕದಲ್ಲೇ ನಿಂತುಕೊಂಡು.

ಇಂಟರ್ನ್‌ಶಿಪ್ಪಿನಲ್ಲಿ ಒಂದು ಬೆಳಿಗ್ಗೆ ಅಪಘಾತ ವಿಭಾಗಕ್ಕೆ ಶಿಡ್ಲಘಟ್ಟದ ಕಡೆಯ ಒಬ್ಬ ಹೆಂಗಸು ಬಂದಳು. ಹಿಂದಿನ ದಿನ ಗೂಡು ಬೇಯಿಸುವ ನೀರು ಕೈ ಮೇಲೆ ಬಿದ್ದಿತ್ತು. ಮುಂಗೈ ಊದಿ, ಹಸಿರು ಗಾಜಿನ ಬಳೆಗಳು ಮಾಂಸದೊಳಗೆ ಹೂತುಹೋಗಿದ್ದವು. ಬೆರಳು ನೀಲಿಗಟ್ಟುತ್ತಿದ್ದವು. ಒಡೆಯದೆ ಬೇರೆ ದಾರಿ ಇರಲಿಲ್ಲ. ಬಟ್ಟೆ ಸುತ್ತಿ ಒಂದೊಂದಾಗಿ ಒಡೆದವಳು ನಾನೇ. ಸುಟ್ಟದ್ದಕ್ಕೆ ಅಳದವಳು ಬಳೆ ಒಡೆಯುವ ಸದ್ದಿಗೆ ಅತ್ತಳು. ಗಂಡ ಬಾಗಿಲ ಹತ್ತಿರವೇ ನಿಂತಿದ್ದ. “ಮೊದ್ಲೇ ಯಾರಾನಾ ಹೇಳಿದ್ರೆ ನಾನೇ ತೆಗ್ದಿಡ್ತಿದ್ದೆ ಮೇಡಂ,” ಎಂದಳು.

ಅವಳು ಆ ಲೇಖನ ಓದುತ್ತಿದ್ದಳೇ? ಗೊತ್ತಿಲ್ಲ. ಅವಳ ಹತ್ತಿರ ಫೋನು ಇತ್ತೋ ಇಲ್ಲವೋ, ಓದಲು ಬರುತ್ತಿತ್ತೋ ಇಲ್ಲವೋ, ಕೇಳಲಿಲ್ಲ. ಕೇಳಲು ಹೆದರಿಕೆ. ಅವಳ ಕೈ ಉಳಿಯಿತು. ಆದರೆ ಅವಳಿಗೆ ಹೇಳಬೇಕಾದ ಮಾತನ್ನು ಒಬ್ಬಳು ಬರೆದಿದ್ದಳು, ನಾನು ಅಳಿಸಿದ್ದೆ — ಇದಂತೂ ನಿಜ. ಅವತ್ತೂ ನಿನಗೆ ಫೋನು ಮಾಡಲಿಲ್ಲ.

ಈಗ ನೀನು ಗೌರಿಬಿದನೂರಿನ ಕಡೆ ಆರೋಗ್ಯ ಕೇಂದ್ರದಲ್ಲಿದ್ದೀಯ. ನಾನು ನಮ್ಮ ಕಾಲೇಜಿನಲ್ಲೇ ಟ್ಯೂಟರ್. ಮೇಡಂ ನಿವೃತ್ತರಾದ ಮೇಲೆ ಲೇಖನ ಬರೆಸುವ ಆ ತರಗತಿ ನನ್ನ ಪಾಲಿಗೆ ಬಂತು — ನನ್ನ ಪಾಲಿಗೆ! ಹೋದ ವಾರ, ಚರ್ಚೆಯ ಪುಟದಲ್ಲಿ ಸಭ್ಯವಾಗಿ ನಡೆದುಕೊಂಡದ್ದಕ್ಕೆ ಉದಾಹರಣೆ ಹುಡುಕಿ ತನ್ನಿ ಎಂದಿದ್ದೆ. ಒಬ್ಬ ಹುಡುಗಿ ನಿನ್ನ ಪುಟವನ್ನೇ ಪರದೆಯ ಮೇಲೆ ಹಾಕಿದಳು. ಆ ಮನುಷ್ಯ ಅಷ್ಟು ಕೆಟ್ಟದಾಗಿ ಬರೆದರೂ ಇವರು ಕಲಿಸಿದ್ದಕ್ಕೆ ಧನ್ಯವಾದ ಅಂದಿದಾರೆ ನೋಡಿ ಮೇಡಂ ಎಂದಳು. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಒಳ್ಳೆಯ ಉದಾಹರಣೆ ಎಂದು ಹೇಳಿ, ಮುಂದಿನದಕ್ಕೆ ಹೋಗಿಬಿಟ್ಟೆ.

ಇನ್ನೂ ಎಷ್ಟು ಸಲ ಹೀಗೆ ಮುಂದಿನದಕ್ಕೆ ಹೋಗಲಿ?

ಇವತ್ತು ನಿನ್ನ ಬಳೆಯ ಮಾತನ್ನು ಅದು ಇದ್ದ ಜಾಗದಲ್ಲೇ ಮತ್ತೆ ಇಟ್ಟಿದ್ದೇನೆ, ಆಧಾರದ ಸಮೇತ. ನನ್ನ ದೊಡ್ಡ ಪದಗಳನ್ನೆಲ್ಲ ತೆಗೆದಿದ್ದೇನೆ. ಚರ್ಚೆಯ ಪುಟದಲ್ಲಿ, ನಿನ್ನ ಧನ್ಯವಾದದ ಕೆಳಗೆ, ಹಿರಿಯ ಓದುಗ ಯಾರು ಎಂದು ನನ್ನ ಹೆಸರು ಹಾಕಿ ಬರೆದಿದ್ದೇನೆ. ನಾಳೆ ತರಗತಿಯಲ್ಲಿ ಅದೇ ಪುಟ ತೆರೆದು ಹುಡುಗರಿಗೆ ಹೇಳುತ್ತೇನೆ. ನೀನು ಮತ್ತೆ ಬರೆಯಬೇಕು ಎಂದು ಕೇಳುವ ಮುಖ ನನಗಿಲ್ಲ. ಕ್ಷಮಿಸು ಎಂದೂ ಕೇಳುವುದಿಲ್ಲ. ಕೇಳಿದರೆ ನೀನು ಕ್ಷಮಿಸಿಬಿಡುತ್ತೀಯ, ನಿನ್ನ ಬುದ್ಧಿಯೂ ನನಗೆ ಗೊತ್ತು.

ಒಂದೇ ಒಂದು ಕೆಲಸ ಮಾಡು. ಇದನ್ನು ನಿಮ್ಮಮ್ಮನಿಗೆ ಫೋನಿನಲ್ಲಿ ಪೂರ್ತಿ ಓದಿ ಹೇಳು. ಅವರ ಕೆಲಸವನ್ನು ನಾನು ಆಡಿಕೊಂಡ ಸಾಲನ್ನೂ ಬಿಡಬೇಡ. ಎಲ್ಲಾದರೂ ಅವರು “ಅಂಟೇ?” ಎಂದರೆ, ಅಲ್ಲಿ ನಾನು ಇನ್ನೂ ಏನನ್ನೋ ಮುಚ್ಚಿಟ್ಟಿದ್ದೇನೆ ಎಂದು ತಿಳಿದುಕೊ. ಹೇಳಿ ಕಳಿಸು, ಮತ್ತೆ ಬರೆಯುತ್ತೇನೆ.