ಕಡೇ ಘಾಣದ ಸ್ಟೇಟಸ್

ಗೆಳೆಯರೇ, ಜಾಲತಾಣದಲ್ಲಿ ಸುಳ್ಳು ಬರೆದು ಹೂಡಿಕೆದಾರರ ದಾರಿ ತಪ್ಪಿಸಿದ ಕಂಪನಿ ಮುಖ್ಯಸ್ಥನಿಗೆ ಷೇರುಪೇಟೆ ನಿಯಂತ್ರಕರು ದಂಡ ಹಾಕಿ, ಅನುಮತಿಯಿಲ್ಲದೆ ಹೇಳಿಕೆ ಕೊಡದಂತೆ ನಿರ್ಬಂಧಿಸಿದ ಸುದ್ದಿಯನ್ನು ಇವತ್ತು ಸವಣೂರಿನ ನಮ್ಮ ಖಾರದ ಕುರುಕಲು ತಿಂಡಿಯ ಅಂಗಡಿಯಲ್ಲಿ ಅಪ್ಪನಿಗೆ ಗಂಭೀರವಾಗಿ ಓದಿ ಹೇಳುತ್ತಿದ್ದೆ.

ಅಷ್ಟರಲ್ಲಿ ಬಂಕಾಪುರದ ಫರೀದಾ ಆಪಾ ಏದುಸಿರು ಬಿಡುತ್ತ ಬಂದರು. "ಇವತ್ತ ಕರಿಯೂದ ಕಡೇ ಘಾಣ, ನಾಳೆಯಿಂದ ಖಾರ ಇಲ್ಲ ಅಂತ ಸ್ಟೇಟಸ್ ಹಾಕೀರಿ. ಮನ್ಯಾಗ ಕುಂತ ಬೀಗರಿಗೆ ಚಾ ಸುದ್ದಾ ಕೊಡದ ಓಡಿ ಬಂದೇನಿ."

ಅವರ ಎದುರಿಗೇ ಡಬ್ಬಿ ತುಂಬ ಖಾರ, ನಾಳೆ ಕರಿಯಲು ಹಿಟ್ಟೂ ಸಿದ್ಧ.

"ಮಾಲಕರ, ನಿಮಗ ದಂಡ ಬಿತ್ರಿ," ಎಂದು ಅಪ್ಪನಿಗೆ ತೀರ್ಪು ಕೊಟ್ಟೆ.

"ನನಗ ಟೈಪ್ ಮಾಡಾಕ ಬರ್ತೈತೇನಲೇ? ಅದನ್ನ ಹಾಕಿದಾಂವ ನೀನ," ಎಂದ ಅಪ್ಪ ಸ್ಕೂಟರಿನ ಕೀಲಿ ಎಸೆದ. "ಆಪಾನ್ನ ಮನಿ ಮುಟ್ಟಿಸಿ, ಬೀಗರ ಮುಂದ ತಪ್ಪ ಒಪ್ಕೊ."

ಒಪ್ಪಿಕೊಂಡೆ. ಬೀಗರು ಖಾರ ಮೆಲ್ಲುತ್ತ ಕೇಳಿದರು, "ನಾಳೆ ಸಿಗ್ತೈತೇನಪಾ?"

ಈ ಬಗ್ಗೆ ಹೇಳಿಕೆ ಕೊಡಲು ನನಗೆ ಸದ್ಯ ನಿರ್ಬಂಧವಿದೆ.