ಡಾಕ್ಟರಮ್ಮನ ಟೀ

ಮಡಕಶಿರ ಬಸ್ ಸ್ಟ್ಯಾಂಡಿನ ಹಿಂದೆ ಕ್ಲಿನಿಕ್ ಇಟ್ಟಿದ್ದ ಡಾಕ್ಟರಮ್ಮನಿಗೆ ಟೀ ಹುಚ್ಚು ಎಂದು ನಮ್ಮೂರು ರೊಳ್ಳದ ಹೆಂಗಸರೆಲ್ಲ ನಂಬಿದ್ದರು. ಮಗಳನ್ನು ಕರೆದುಕೊಂಡು ಯಾರೇ ಹೋಗಲಿ, "ಅಮ್ಮಾ, ಎದುರಂಗಡೀಲಿ ನಂಗೊಂದು ಟೀ ತಂದ್ಕೊಡ್ತೀರಾ?" ಎನ್ನುತ್ತಿದ್ದರು. ಡಾಕ್ಟರೇ ಕೇಳಿದ ಮೇಲೆ ಆಗಲ್ಲ ಎನ್ನುವವರು ಯಾರು?

ಡಿಗ್ರಿಗೆ ಸೇರಿದ ವರ್ಷ, ಹೊಟ್ಟೆನೋವೆಂದು ಸುಳ್ಳು ಹೇಳಿ ಅವ್ವನ ಜೊತೆ ಅಲ್ಲಿಗೆ ಹೋದೆ. ಅವ್ವ ಟೀ ತರಲು ಎದ್ದು ಹೋದಳು. ಡಾಕ್ಟರಮ್ಮ ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿಕೊಂಡು, ನನ್ನ ಮುಖ ನೋಡದೆ, "ಈಗ ಹೇಳು ಕಣಮ್ಮ" ಎಂದರು.

ಬಿಳಿಸೆರಗು ಹೋಗುವುದು, ತುರಿಕೆ, ಇದೇನು ದೊಡ್ಡ ರೋಗವೋ ಎಂಬ ಭಯ, ಎಲ್ಲವನ್ನೂ ಅವರ ಬೆನ್ನಿಗೆ ಹೇಳಿದೆ.

ಪರದೆಯ ಹಿಂದೆ ಪರೀಕ್ಷೆ ಮಾಡಿದ ಮೇಲೆ, "ಅಯ್ಯೋ, ಇದು ಎಷ್ಟೋ ಜನಕ್ಕೆ ಆಗ್ತದೆ. ಮಾತ್ರೆಗೆ ಹೋಗ್ತದೆ. ಸೋಪು ಹಾಕಿ ಉಜ್ಜಬ್ಯಾಡ, ಬರೀ ನೀರು ಸಾಕು. ಮನೇಲಿ ಹೇಳೋದು ಬಿಡೋದು ನಿಂಗೆ ಬಿಟ್ಟಿದ್ದು" ಎಂದು ನಕ್ಕರು.

ಅಷ್ಟರಲ್ಲಿ ಅವ್ವ ಬಂದಳು. ಅವಳು ತಂದ ಟೀ ಹಬೆಯಾಡುತ್ತಿತ್ತು. ಅದನ್ನಿಡಲು ಹೋದರೆ ಮೇಜಿನ ಮೇಲೆ ಯಾರೂ ಮುಟ್ಟದ ಮೂರು ಲೋಟ ಟೀ ಆಗಲೇ ಕೆನೆಗಟ್ಟಿ ಕೂತಿತ್ತು. ಅವ್ವ ಆ ಲೋಟಗಳನ್ನು ನೋಡಿದಳು. ಹಗುರಾಗಿದ್ದ ನನ್ನ ಮುಖವನ್ನೂ ನೋಡಿದಳು. ಆಮೇಲೆ ಸೆರಗು ಸರಿಮಾಡಿಕೊಂಡು, ನಾನೆದ್ದ ಕುರ್ಚಿಯಲ್ಲಿ ತಾನೇ ಕೂತಳು.

"ಈ ಟೀ ಆರಿಹೋಗೈತೆ," ಎಂದಳು ನನಗೆ. "ನೀನೋಗಿ ಬಿಸೀದು ಇನ್ನೊಂದು ತಗಂಬಾ. ನಿಧಾನಕ್ಕೇ ಬಾ."